ಎರಡನೇ ಸಲ ಯಾರೂ ಕೇಳದ ಊರು

ಜಯನಗರದ ಆ ಮನೆಯ ಊಟದ ಮೇಜಿನಿಂದ ಚಪಾತಿ ತಟ್ಟೆ ಎದ್ದು ಅಡುಗೆಮನೆಗೆ ಹೊರಟಾಗ ನಾನು ಬೆಪ್ಪಾಗಿ ನೋಡುತ್ತಾ ಕುಳಿತಿದ್ದೆ. ಬೆಂಗಳೂರಿಗೆ ಬಂದು ವಾರವಷ್ಟೇ ಆಗಿತ್ತು. ಪದ್ಮನಾಭನಗರದ ಟ್ಯೂಷನ್ ಸೆಂಟರಿನಲ್ಲಿ ನನ್ನ ಜೊತೆ ಇಂಗ್ಲಿಷ್ ಕಲಿಸುವ ಮೇಘನಾ ಊಟಕ್ಕೆ ಕರೆದಿದ್ದಳು.

“ಇನ್ನೊಂದ್ ಹಾಕ್ಲಾಮ್ಮ?” ಎಂದು ಅವಳ ತಾಯಿ ಕೇಳಿದರು.

“ಸಾಕ್ರಿ ಆಂಟಿ.”

“ಸರಿ ಕಣಮ್ಮ.” ತಟ್ಟೆ ಹೋಯಿತು!

ನಮ್ಮ ಗದಗಿನ ಕಡೆ ಹೀಗಾಗುವುದುಂಟೇ? ಬೇಡ ಅನ್ನುವುದು ಉಣ್ಣುವವರ ಮರ್ಯಾದೆ. ಅಡ್ಡ ಹಿಡಿದ ಕೈ ಸರಿಸಿ ಬಡಿಸುವುದು ಮನೆಯವರ ಮರ್ಯಾದೆ. ಇಲ್ಲಿ ಸಾಕು ಅಂದರೆ ಸಾಕು. ಸಾರಕ್ಕಿಯ ಬಾಡಿಗೆ ಕೋಣೆಗೆ ಮರಳಿ, ಅವ್ವ ಕಟ್ಟಿಕೊಟ್ಟಿದ್ದ ಕಡಕ್ ರೊಟ್ಟಿ ಮುರಿದು ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದೆ.

ಅಪ್ಪ ಮಾರುಕಟ್ಟೆಯಲ್ಲಿ ಹಮಾಲಿ. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲಿಗಳು ನಾನು. ಇದನ್ನು ಜಂಬದಿಂದಲೇ ಹೇಳುತ್ತೇನೆ. ಏಳನೇ ತರಗತಿಗೆ ‘ಎಕ್ಸ್‌ಪೆಕ್ಟ್’ ಎಂಬ ಕ್ರಿಯಾಪದ ಕಲಿಸುವಾಗ ಬೋರ್ಡಿನ ಮುಂದೆ ಗಟ್ಟಿಯಾಗಿ ನಿಂತು ಹೇಳಿದೆ: ಬರೀ ಆಸೆಯಿದ್ದರೆ ‘ಹೋಪ್’ ಸಾಕು, ಆಗಿಯೇ ಆಗುತ್ತದೆ ಎಂದು ನಂಬಲು ಕಾರಣವಿದ್ದರೆ ‘ಎಕ್ಸ್‌ಪೆಕ್ಟ್’.

ಒಬ್ಬ ಹುಡುಗಿ ಎದ್ದಳು. “ಮಿಸ್, ನಾನು ಬರ್ತ್‌ಡೇಗೆ ಸೈಕಲ್ ಎಕ್ಸ್‌ಪೆಕ್ಟ್ ಮಾಡ್ತಿದೀನಿ.”

“ಕೊಡಸ್ತೀನಿ ಅಂದಾರೇನು?”

“ಇಲ್ಲ ಮಿಸ್. ಆದ್ರೆ ಕೊಡಿಸ್ತಾರೆ.”

ಅಷ್ಟು ಚಿಕ್ಕ ಹುಡುಗಿಯ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ಆ ಪದದ ಅರ್ಥ ನನಗೆ ಗೊತ್ತಿತ್ತು, ಆದರೆ ಬಳಸಿ ಗೊತ್ತಿರಲಿಲ್ಲ. ನನ್ನ ಫಲಿತಾಂಶದ ದಿನಗಳಲ್ಲಿ ಅವ್ವ “ಆದ್ರ ಆತು” ಅನ್ನುತ್ತಿದ್ದಳು, ಅಷ್ಟೇ. ಬಯಸಿದ್ದನ್ನು ಬಾಯಿಬಿಟ್ಟು ಹೇಳಿದರೆ ಕೈತಪ್ಪುತ್ತದೆ ಎಂಬ ಭಯದಲ್ಲೇ ನಾವು ಬೆಳೆದವರು.

ನಮ್ಮ ಸೆಂಟರಿನಲ್ಲಿ ಹತ್ತನೇ ತರಗತಿಗೆ ಪಾಠ ಮಾಡುವವರಿಗೇ ಬೆಲೆ. ಆ ಬ್ಯಾಚಿನ ಮೇಲೆ ನನಗೆ ಕಣ್ಣಿತ್ತು. ಒಂದು ದಿನ ಸೆಂಟರ್ ನಡೆಸುವ ಮಾಲತಿ ಮೇಡಂ ಮೇಘನಾಳನ್ನೂ ನನ್ನನ್ನೂ ಕರೆದು ಮೊದಲು ನನ್ನನ್ನೇ ಕೇಳಿದರು: “ಟೆಂತ್ ನೀವು ತಗೋತೀರಾ?”

“ಅಯ್ಯ, ನನಗ್ಯಾಕ್ರಿ ಮೇಡಂ!” ಅಂದೆ. ಇನ್ನೊಮ್ಮೆ ಕೇಳಲಿ ಎಂದು ಕಾದೆ.

“ಓಕೆ. ಮೇಘನಾ, ನೀನು?”

“ಶೂರ್ ಮೇಡಂ! ನಾನ್ ಎಕ್ಸ್‌ಪೆಕ್ಟ್ ಮಾಡ್ತಾನೇ ಇದ್ದೆ.”

ಹೊರಗೆ ಬಂದ ಮೇಲೆ ನನ್ನ ಮುಖ ನೋಡಿ ಮೇಘನಾ ಕೇಳಿದಳು: “ನಿಂಗ್ ಬೇಕಿತ್ತಾ? ಮತ್ಯಾಕೆ ಬೇಡ ಅಂದೆ?”

“ಇನ್ನೊಮ್ಮೆ ಕೇಳ್ತಾರಂತ ಮಾಡಿದ್ದೆ.”

“ಬೇಡ ಅಂದ್ಮೇಲೂ ಯಾಕ್ ಕೇಳ್ತಾರೆ ಗುರು?”

ನನಗೆ ಒಂಬತ್ತನೇ ತರಗತಿ ಸಿಕ್ಕಿತು. ಆ ವರ್ಷವಿಡೀ ಹೊಟ್ಟೆ ಉರಿಯಿತು. ಪಕ್ಕದ ಕೋಣೆಯಿಂದ ಅವಳ ಪಾಠ ಕೇಳಿಸಿದರೆ ಬಾಗಿಲು ಮುಚ್ಚುತ್ತಿದ್ದೆ. ಅವಳ ಸ್ಕೂಟರು, ಜಯನಗರದ ಮನೆ ಎಲ್ಲ ಇರಲಿ, ಆ “ಶೂರ್” ಇತ್ತಲ್ಲ, ಅದು ನನಗೆ ಬೇಕಿತ್ತು. ಕಷ್ಟಪಟ್ಟು ಗಳಿಸಿದ ಡಿಗ್ರಿಯ ಜೊತೆ ಅದು ಬಂದಿರಲಿಲ್ಲ.

ಮುಂದಿನ ಜೂನಿನಲ್ಲಿ, ಮೇಡಂ ಕರೆಯುವ ಮೊದಲೇ ಅವರ ಕೋಣೆಗೆ ನುಗ್ಗಿದೆ. “ಈ ಸಲ ಟೆಂತ್ ನನಗ ಕೊಡ್ರಿ. ನನ್ನ ಒಂಬತ್ತನೇದವರು ಛಲೋ ಓದ್ಯಾರ. ನಾ ಎಕ್ಸ್‌ಪೆಕ್ಟ್ ಮಾಡೀನಿ.”

“ಹೋದ್ವರ್ಷಾನೇ ಹೇಳ್ಬಾರ್ದಿತ್ತೇನ್ರಿ?” ಎಂದು ಮೇಡಂ ಒಪ್ಪಿಬಿಟ್ಟರು.

ಮೇಘನಾ “ಸಖತ್ ಮಗಾ!” ಎಂದು ತಬ್ಬಿಕೊಂಡಳು. ಬ್ಯಾಚ್ ಕೈತಪ್ಪಿದ ಬೇಸರವನ್ನು ಅವಳ ಮುಖದಲ್ಲಿ ಹುಡುಕಿದೆ. ಇರಲಿಲ್ಲ. ಇವಳಿಗೆ ಹೊಟ್ಟೆಕಿಚ್ಚೂ ಆಗುವುದಿಲ್ಲವಲ್ಲ ಎಂದು ಅದಕ್ಕೂ ಹೊಟ್ಟೆಕಿಚ್ಚುಪಟ್ಟೆ.

ಸುದ್ದಿ ಹೇಳಲು ಊರಿಗೆ ಹೋದೆ. ಅವ್ವ ಬಿಸಿ ರೊಟ್ಟಿ ಹಿಡಿದು, “ಇನ್ನೊಂದು ಹಾಕ್ಲೇನ?” ಅಂದಳು.

“ಹಾಕು.”

ಅವಳ ಕೈ ಗಾಳಿಯಲ್ಲೇ ನಿಂತಿತು. “ಒಮ್ಮೆನಾರ ಬ್ಯಾಡ ಅನ್ನಬಾರದೇನ ಯವ್ವಾ? ಬೆಂಗಳೂರಾಕಿನ ಆಗಿಬಿಟ್ಟಿ!” ಎಂದು ನಕ್ಕಳು. ಆದರೆ ರೊಟ್ಟಿಯನ್ನು ತಟ್ಟೆಗೆ ಮೆಲ್ಲಗೆ ಇಟ್ಟಳು, ಪರವೂರಿನ ಬೀಗರಿಗೆ ಬಡಿಸುವಂತೆ.

ಮತ್ತೊಂದು ತಂದಳು. ಹೊಟ್ಟೆ ನಿಜವಾಗಿಯೂ ತುಂಬಿತ್ತು. “ಬ್ಯಾಡಬೇ, ಸಾಕು” ಎಂದು ಕೈ ಅಡ್ಡ ಹಿಡಿದೆ.

ಅವ್ವನ ಮುಖ ಅರಳಿತು. “ಹೆಂಗ ಸಾಕು!” ಎಂದು ನನ್ನ ಕೈ ಸರಿಸಿ ಬಡಿಸಿಯೇಬಿಟ್ಟಳು.