ಮೀಸೆ ತೆಗೆಸಿಕೊಂಡ ಮೀನುಗಳು

ಅರಸೀಕೆರೆಯ ನಮ್ಮ ಬೀದಿಗೆಲ್ಲ ಆಗ ಇದ್ದದ್ದು ಒಂದೇ ಫೋನು, ಅದೂ ದಿನಸಿ ಅಂಗಡಿಯವರ ಮನೆಯಲ್ಲಿ. ಬಣ್ಣದ ಟಿವಿ ಇದ್ದದ್ದು ಎರಡು ಮನೆಗಳಲ್ಲಿ. ಆದರೆ ಮೀನಿನ ತೊಟ್ಟಿ ಅಂತ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಹಾಗಾಗಿ ನಾನು ಬೀದಿಗೇ ದೊಡ್ಡ ಮನುಷ್ಯಳಾಗಿದ್ದೆ. ಸಂಜೆ ಕುಂಟೆಬಿಲ್ಲೆ ಆಡಿ ಮುಗಿದ ಮೇಲೆ ಹುಡುಗಿಯರೆಲ್ಲ ಕಾಲು ತೊಳೆದುಕೊಂಡು ಬಂದು ನಮ್ಮ ನಡುಮನೆಯಲ್ಲಿ ಸಾಲಾಗಿ ಕೂರಬೇಕು. ಗಾಜು ಮುಟ್ಟಬಾರದು, ಸೀನು ಬಂದರೆ ಹೊರಗೆ ಹೋಗಿ ಸೀನಬೇಕು. ಕಾನೂನೆಲ್ಲ ನನ್ನದೇ. ವಯಸ್ಸು ಒಂಬತ್ತು.

ತೊಟ್ಟಿ ಬಂದದ್ದು ಅಪ್ಪನ ಕೆಲಸದ ದೆಸೆಯಿಂದ. ಅಪ್ಪ ರೈಲ್ವೆ ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಗುಮಾಸ್ತರು. ಬೆಂಗಳೂರಿನ ಗಾಡಿಯಲ್ಲಿ ಆಗಾಗ ಒಂದು ಥರ್ಮೋಕೋಲ್ ಡಬ್ಬ ಬಂದಿಳಿಯುತ್ತಿತ್ತು. ಅದು ಬಸ್‌ಸ್ಟ್ಯಾಂಡ್ ಹತ್ತಿರ ಫೋಟೋಗಳಿಗೆ ಕಟ್ಟು ಹಾಕುವ ರಶೀದ್ ಸಾಬರದು. ಗಾಜು ಕೊಯ್ಯುವುದರಲ್ಲಿ ಅವರ ಕೈ ಪಳಗಿತ್ತು. ಉಳಿದ ಗಾಜಿನಲ್ಲಿ ತೊಟ್ಟಿ ಅಂಟಿಸಿ, ಬಣ್ಣದ ಮೀನು ತರಿಸಿ ಮಾರುತ್ತಿದ್ದರು. ಒಂದು ಸಲ ಡಬ್ಬದ ಮುಚ್ಚಳ ಸಡಿಲವಾಗಿದ್ದಾಗ ಅಪ್ಪ ಒಳಗೆ ಇಣುಕಿ ನೋಡಿದರಂತೆ. ಅಷ್ಟೇ, ಮನುಷ್ಯ ಕೆಟ್ಟರು. "ಕುಕ್ಕರಿಗೆ ಗ್ಯಾಸ್ಕೆಟ್ ತರ್ತೀನಿ ಅಂತ ಹೋದೋರು ಮೀನು ತಂದವ್ರೆ ನೋಡ್ರೀ" ಎಂದು ಅಮ್ಮ ಎದುರುಮನೆಯ ಗೌರಕ್ಕನಿಗೆ ದೂರು ಹೇಳಿದಳು. ಗೌರಕ್ಕ ತೊಟ್ಟಿಯೊಳಗಿನ ಗಪ್ಪಿ ಎಂಬ ಪುಟಾಣಿ ಮೀನುಗಳನ್ನು ಬಗ್ಗಿ ನೋಡಿ, "ಸಾರಿಗೆ ಸಾಲಲ್ವಲ್ಲ ಕಣ್ರೀ" ಎಂದರು.

ಎರಡು ತಿಂಗಳಿಗೆ ತೊಟ್ಟಿಯ ತಳದಲ್ಲಿ ತಿನ್ನದೆ ಉಳಿದ ಆಹಾರ ಬಿದ್ದು ನೀರು ವಾಸನೆ ಹೊಡೆಯಲು ಶುರುವಾಯಿತು. ಅಪ್ಪ ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ರಶೀದ್ ಸಾಬರ ಅಂಗಡಿಗೆ ಹೋದರು.

"ಮೇಲಿನ ಮೀನು ಮೇಲೇ ತಿಂತಾವೆ, ನಡುವಿನವು ನಡುವೇ ತಿಂತಾವೆ. ತಳಕ್ಕೂ ಯಾರಾದ್ರೂ ಬೇಕಲ್ಲ ಸಾರ್. ಕ್ಯಾಟ್‌ಫಿಶ್ ಬಿಡಿ" ಎಂದರು ಸಾಬರು.

"ಬೆಕ್ಕು ಅಂದ್ಮೇಲೆ ಉಳಿದ ಮೀನು ತಿಂದು ಹಾಕಲ್ವಾ?"

"ಕೆರೇಲಿ ಸಿಗೋ ಮೀಸೆ ಮೀನು ತಂದು ಬಿಟ್ರೆ ಬೆಳಿಗ್ಗೆ ಹೊತ್ತಿಗೆ ಅದೊಂದೇ ಇರುತ್ತೆ, ನಿಜ. ಇದು ಹಂಗಲ್ಲ. ಬೆಳೆದ್ರೂ ಒಂದು ಬೆರಳುದ್ದ. ಬಾಯಿ ನೋಡಿ, ಅಕ್ಕಿಕಾಳಷ್ಟಿದೆ."

ಅಪ್ಪ ಒಂದು ಸಾಕೆಂದರು. ಸಾಬರು ಒಪ್ಪಲಿಲ್ಲ. "ಒಂಟಿ ಕೊಡಲ್ಲ ಸಾರ್. ನಾಕಾದ್ರೂ ತಗೊಳ್ಳಿ. ಜೊತೆ ಇಲ್ಲ ಅಂದ್ರೆ ಮೂಲೆ ಹಿಡಿದು ಕೊರಗ್ತಾವೆ." ವ್ಯಾಪಾರದ ಮಾತು ಎಂದು ಅಪ್ಪ ನಕ್ಕರು. ನಾನು ಮಾತ್ರ ನಾಲ್ಕೇ ಬೇಕೆಂದು ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಆರಿಸುವುದನ್ನು ಸಾಬರು ನನಗೇ ಬಿಟ್ಟರು. ಹೊಟ್ಟೆ ಒಳಕ್ಕೆ ಹೋಗಿರಬಾರದು, ಬೆನ್ನ ಮೇಲಿನ ರೆಕ್ಕೆ ನೆಟ್ಟಗಿರಬೇಕು, ಮೀಸೆ ಮೊಂಡಾಗಿರಬಾರದು. ನಾನು ಮೂಗನ್ನು ಗಾಜಿಗೆ ಒತ್ತಿಕೊಂಡು, ಹೆಣ್ಣು ನೋಡಲು ಬಂದವರ ಗತ್ತಿನಲ್ಲಿ ಒಂದೊಂದನ್ನೂ ಪರೀಕ್ಷೆ ಮಾಡಿದೆ. ಹೊರಡುವಾಗ ಸಾಬರು ತಳಕ್ಕೆ ಮುಳುಗುವ ಮೀನಿನ ಆಹಾರದ ಮಾತ್ರೆಗಳ ಡಬ್ಬಿ ಕೊಟ್ಟು, "ಕಸ ತಿನ್ನೋ ಮೀನು ಅಂತ ಉಪವಾಸ ಕೆಡವಬೇಡಮ್ಮ. ಇದಕ್ಕೂ ಊಟ ಬೇಕು" ಎಂದರು.

ತಾಮ್ರದ ಚೊಂಬಿನ ಬಣ್ಣದ ಪುಟ್ಟ ಮೀನುಗಳು ಅವು. ಅಮ್ಮ ಮೊರದಲ್ಲಿ ಅಕ್ಕಿ ಆರಿಸುವ ಹಾಗೆ ಮೀಸೆಯಿಂದ ಇಡೀ ದಿನ ಮರಳು ಆರಿಸುತ್ತಿದ್ದವು. ಇದ್ದಕ್ಕಿದ್ದಂತೆ ಒಂದು ಸರ್ರನೆ ಮೇಲಕ್ಕೆ ಹೋಗಿ ಒಂದು ಗುಟುಕು ಗಾಳಿ ಕುಡಿದು ಬಂದು, ಏನೂ ಆಗದವರಂತೆ ಮತ್ತೆ ಕೆಲಸಕ್ಕೆ ಕೂರುತ್ತಿತ್ತು. ಕಣ್ಣು ಬೇರೆ ಮಿಟುಕಿಸುತ್ತಿದ್ದವು. "ರೀ, ಈ ಮೀನು ನಂಗೆ ಕಣ್ಣು ಹೊಡೀತು!" ಎಂದು ಅಮ್ಮ ಕೂಗಿದ ದಿನ ಅಪ್ಪ ಪೇಪರಿನಿಂದ ತಲೆ ಎತ್ತಿ, "ನಾನು ಹೊಡೆದ್ರೆ ಬೈತೀಯ, ಅದು ಹೊಡೆದ್ರೆ ನಗ್ತೀಯ" ಎಂದರು. ಅಮ್ಮ ತೊಟ್ಟಿಯನ್ನು ಒಪ್ಪಿಕೊಂಡದ್ದು ಅವತ್ತು.

ಆ ವರ್ಷ ಬೇಸಿಗೆ ಶುರುವಾಗುವಾಗ ಹಳೇಬೀಡಿನ ತಾತ ತೀರಿಕೊಂಡ. ಅಮ್ಮನ ಅಪ್ಪ. ತಾತ, ಮಾವ ಇಬ್ಬರೂ ಬಳಪದ ಕಲ್ಲಿನಲ್ಲಿ ಸಣ್ಣ ಆನೆ, ಗಣಪತಿ, ದೀಪದ ಮಲ್ಲಿ ಕೆತ್ತಿ, ದೇವಸ್ಥಾನ ನೋಡಲು ಬರುವವರಿಗೆ ಮಾರುತ್ತಿದ್ದರು. ಶಿವಣ್ಣ ಮಾವನದು ಹುರಿ ಮಾಡಿದ ದೊಡ್ಡ ಮೀಸೆ. ನನ್ನನ್ನು ಎತ್ತಿಕೊಂಡರೆ ಕೆನ್ನೆಗೆ ಚುಚ್ಚುತ್ತಿತ್ತು, ಹರಳೆಣ್ಣೆ ವಾಸನೆ ಬರುತ್ತಿತ್ತು. ಹನ್ನೊಂದನೆಯ ದಿನದ ಕಾರ್ಯಕ್ಕೆ ನಾವು ಹೋದಾಗ, ಬೋಳು ತಲೆ ಬೋಳು ಮುಖದ ಒಬ್ಬ ಮನುಷ್ಯ ಬಂದು "ಬಾರವ್ವ" ಎಂದು ಕೈ ಚಾಚಿದ. ನಾನು ಹೆದರಿ ಅಮ್ಮನ ಸೆರಗಿನ ಹಿಂದೆ ಅವಿತುಕೊಂಡೆ. ಅದು ಮಾವ ಎಂದು ಗೊತ್ತಾಗಲು ಒಂದು ಗಳಿಗೆಯೇ ಬೇಕಾಯಿತು.

"ಅಪ್ಪ ಹೋದ್ರೆ ಗಂಡುಮಕ್ಕಳು ಮೀಸೆ ತೆಗೆಸ್ತಾರೆ ಕಣೇ. ಮತ್ತೆ ಬೆಳೀತದೆ" ಎಂದಳು ಅಮ್ಮ.

"ಬೆಳೆಯೋ ತನಕ?"

"ಬೆಳೆಯೋ ತನಕ ನೋಡ್ದೋರಿಗೆ ಗೊತ್ತಾಗ್ತದೆ, ಈ ಮನೇಲಿ ಸಾವಾಗೈತೆ ಅಂತ. ಜೋರಾಗಿ ಮಾತಾಡಲ್ಲ, ಜಗಳಕ್ಕೆ ಬರಲ್ಲ. ಸುಮ್ಕಿರು ಈಗ."

ಮಾವ ಯಾರ ಹತ್ತಿರವೂ ಮಾತಾಡುತ್ತಿರಲಿಲ್ಲ. ಹಿತ್ತಲ ಕೊಟ್ಟಿಗೆಯಲ್ಲಿ ತಾತ ಕೆತ್ತಲು ಕೂರುತ್ತಿದ್ದ ಗೋಣಿಚೀಲ ಹಾಗೇ ಇತ್ತು, ಅದರ ಸುತ್ತ ಉಳಿಯಿಂದ ಎದ್ದ ಕಲ್ಲಿನ ಚಕ್ಕೆಗಳೂ ಹಾಗೇ ಬಿದ್ದಿದ್ದವು. ಕಸ ಗುಡಿಸಲು ಹೋದವರನ್ನೆಲ್ಲ ಮಾವ ಗದರಿಸಿ ಕಳಿಸಿದ್ದನಂತೆ. ದೊಡ್ಡವರೆಲ್ಲ ಅಡುಗೆ, ಪೂಜೆ ಎಂದು ಓಡಾಡುವಾಗ ನಾನು ಅಲ್ಲಿ ಹೋಗಿ ಕೂತೆ. ಹಸಿರು ಬೆರೆತ ಬೂದು ಬಣ್ಣದ ಚಕ್ಕೆಗಳು. ಒದ್ದೆ ಮಾಡಿದರೆ ಹೊಳೆಯುತ್ತಿದ್ದವು. ನನ್ನ ಮೀನುಗಳ ಮನೆಗೆ ಇವನ್ನು ಹಾಸಿದರೆ ಎಷ್ಟು ಚೆಂದ ಅನಿಸಿತು. ಬಾಗಿಲಲ್ಲಿ ನಿಂತಿದ್ದ ಮಾವನನ್ನು ಕೇಳಿಯೂ ಬಿಟ್ಟೆ. ಅಮ್ಮ ದೂರದಿಂದಲೇ ಕಣ್ಣು ಬಿಟ್ಟಳು. ಮಾವ ಒಳಗೆ ಬಂದು, ತಾನೇ ಕುಕ್ಕರಗಾಲಲ್ಲಿ ಕೂತು ಚಕ್ಕೆಗಳನ್ನೆಲ್ಲ ಬಾಚಿ ಒಂದು ಬಟ್ಟೆ ಚೀಲಕ್ಕೆ ತುಂಬಿದ. "ಅಪ್ಪನ ಕೈಯಿಂದ ಬಿದ್ದಿದ್ದು. ನಿನ್ನ ತಾವಾದ್ರೂ ಇರ್ಲಿ ಕಣವ್ವ" ಎಂದ. ಜಾವಗಲ್ ಮೇಲೆ ಬರುವ ಬಸ್ಸಿನಲ್ಲಿ ಆ ಚೀಲವನ್ನು ಅರಸೀಕೆರೆಯವರೆಗೂ ತೊಡೆಯ ಮೇಲೆ ಇಟ್ಟುಕೊಂಡೇ ಬಂದೆ.

ಮೂರು ನೀರಿನಲ್ಲಿ ತೊಳೆದು ಮರಳಿನ ಮೇಲೆ ಹಾಸಿದೆ. ಎರಡು ದಿನ ನೀರು ಮಜ್ಜಿಗೆಯ ಹಾಗಿತ್ತು. ತಿಳಿಯಾದ ಮೇಲೆ ಬೀದಿಯ ಹುಡುಗಿಯರೆಲ್ಲ ಬಾಯಿ ಬಿಟ್ಟು ನೋಡಿದರು.

ಎರಡು ವಾರಕ್ಕೆ ಒಂದು ಮೀಸೆ ಮೀನು ಸತ್ತಿತು. ನುಗ್ಗೆಮರದ ಕೆಳಗೆ ಹೂತೆವು. ಅದಾದ ಮೂರೋ ನಾಲ್ಕೋ ದಿನಕ್ಕೆ ಉಳಿದ ಮೂರರ ಮುಖ ನೋಡುತ್ತೇನೆ, ಮೀಸೆಯೇ ಇಲ್ಲ! ಉದ್ದಕ್ಕಿದ್ದದ್ದೆಲ್ಲ ಹೋಗಿ ಮೊಂಡು ಉಳಿದಿತ್ತು.

ನನಗೆ ಗಾಬರಿಯೇನೂ ಆಗಲಿಲ್ಲ. ಕಣ್ಣಾರೆ ಕಂಡು ಬಂದವಳಲ್ಲವೇ ನಾನು? ಅವರ ಮನೆಯಲ್ಲಿ ಸಾವಾಗಿದೆ, ಮೀಸೆ ತೆಗೆಸಿದ್ದಾರೆ. ಎಷ್ಟು ಮರ್ಯಾದಸ್ಥ ಮೀನುಗಳು ಅನಿಸಿತು. ಸಂಜೆ ಬಂದ ಹುಡುಗಿಯರಿಗೆ ಪಿಸುದನಿಯಲ್ಲಿ ವಿಷಯ ತಿಳಿಸಿದೆ. ಸೂತಕ ಕಳೆಯುವವರೆಗೂ ಇಲ್ಲಿ ಯಾರೂ ಜೋರಾಗಿ ಮಾತಾಡಬಾರದು, ನಗಬಾರದು. ಗೌರಕ್ಕನ ಮಗಳು ಸುಮಾ ಯಾವಾಗಲೂ ಅಡ್ಡ ಪ್ರಶ್ನೆಯವಳು. "ಹಂಗಾದ್ರೆ ಗಪ್ಪಿಗೆ ಯಾಕೆ ಸೂತಕ ಇಲ್ಲ?" ಎಂದಳು.

"ಅವು ಬೇರೆ ಮನೆತನ ಕಣೇ."

ಸುಮಾ ಒಪ್ಪಿಕೊಂಡಳು. ದಿನಾ ಸಂಜೆ ಐದಾರು ಹುಡುಗಿಯರು ಬಂದು, ಸಾವಿನ ಮನೆಗೆ ಬಂದವರ ಹಾಗೆ ಸುಮ್ಮನೆ ಕೂತು ಎದ್ದು ಹೋದರು. ಅಪ್ಪನಿಗೆ ಆ ತಿಂಗಳು ಆಫೀಸಿನಲ್ಲಿ ಬಿಡುವಿರಲಿಲ್ಲ. ಅಮ್ಮ ತನ್ನದೇ ದುಃಖದಲ್ಲಿ ತೊಟ್ಟಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಮೀನು ಸತ್ತ ಹನ್ನೊಂದನೆಯ ದಿನ ನಾನೇ ಎರಡು ಮಾತ್ರೆ ಹೆಚ್ಚಿಗೆ ಹಾಕಿದೆ. ಮೂರೂ ಮುಟ್ಟಲಿಲ್ಲ. ಹೊಟ್ಟೆ ಒಳಕ್ಕೆ ಹೋಗಿತ್ತು. ದೊಡ್ಡದು ಮೂಲೆಯಲ್ಲಿ ವಾಲಿಕೊಂಡು ಕೂತಿತ್ತು. ಸೂತಕ ಮುಗಿದರೂ ಮೀಸೆ ಯಾಕೆ ಚಿಗುರುತ್ತಿಲ್ಲ ಎಂದು ದಿನಕ್ಕೆ ಹತ್ತು ಸಲ ಗಾಜಿಗೆ ಮೂಗು ಒತ್ತಿ ನೋಡತೊಡಗಿದೆ.

ಆ ಭಾನುವಾರ ಮಾವ ಬಂದ. ತಾತನ ಎರಡನೆಯ ತಿಂಗಳ ಕಾರ್ಯಕ್ಕೆ ಅಮ್ಮನನ್ನು ಕರೆಯಲು ಬಂದದ್ದು. ತಲೆಯಲ್ಲೂ ತುಟಿಯ ಮೇಲೂ ಕಪ್ಪು ಕುರುಚಲು ಎದ್ದಿತ್ತು. ಅಮ್ಮ ಕೊಟ್ಟ ಕಾಫಿ ಕೈಯಲ್ಲಿ ಹಿಡಿದು ಗೋಡೆ ನೋಡುತ್ತ ಕೂತಿದ್ದ. ದೊಡ್ಡವರು ಮಾಡುವುದನ್ನು ನೋಡಿದ್ದೆನಲ್ಲ, ನಾನೂ ಹೋಗಿ ಪಕ್ಕದಲ್ಲಿ ಕೂತು ಅವನ ಮಂಡಿಯ ಮೇಲೆ ಕೈಯಿಟ್ಟೆ.

"ಮಾವ, ನಮ್ಮನೇಲೂ ಒಂದು ಹೋಯ್ತು."

ಮಾವ ಬೆಚ್ಚಿಬಿದ್ದ. "ಏನ್ ಹೋಯ್ತವ್ವ?"

"ಮೀನು. ಉಳಿದೋರೆಲ್ಲ ಮೀಸೆ ತೆಗೆಸ್ಕೊಂಡವ್ರೆ. ನಿಂದು ಬರ್ತಾ ಐತೆ, ಅವರದ್ದು ಬರ್ತಾನೇ ಇಲ್ಲ ಮಾವ." ಇಷ್ಟು ಹೇಳುವಷ್ಟರಲ್ಲಿ ನನಗೆ ಅಳು ಬಂತು.

ಮಾವ ಎದ್ದು ಹೋಗಿ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಅವನ ಹೆಗಲು ಅಲುಗತೊಡಗಿತು. ಅಳುತ್ತಿದ್ದಾನೆ ಎಂದುಕೊಂಡೆ. ಅಲ್ಲ, ನಗುತ್ತಿದ್ದ. "ಅಕ್ಕ, ಬಾ ಇಲ್ಲಿ. ನಿನ್ನ ಮಗಳು ಏನಂತಾವ್ಳೆ ಕೇಳು" ಎಂದು ಜೋರಾಗಿ ನಕ್ಕ. ಅಮ್ಮ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಬಂದಳು. ಅಷ್ಟರಲ್ಲಿ ನಗು ಎಲ್ಲಿ ಮುಗಿಯಿತೋ, ಅಳು ಎಲ್ಲಿ ಶುರುವಾಯಿತೋ, ಮಾವ ಹೆಗಲ ಮೇಲಿನ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದ. ಮಣ್ಣು ಮಾಡುವಾಗಲೂ ಅವನು ಅತ್ತಿರಲಿಲ್ಲವೆಂದು ಅಮ್ಮ ಆಮೇಲೆ ಹೇಳಿದಳು.

ಮುಖ ಒರೆಸಿಕೊಂಡ ಮೇಲೆ ಮಾವ ಅಂಗಿಯ ತೋಳು ಮಡಚಿ ತೊಟ್ಟಿಯ ತಳಕ್ಕೆ ಕೈ ಹಾಕಿದ. ಒಂದು ಚಿಟಿಕೆ ಚಕ್ಕೆ ತೆಗೆದು ಹೆಬ್ಬೆರಳಿನಿಂದ ತೀಡಿ ನೋಡಿದ. ಕಲ್ಲಿನ ಜೊತೆ ಬದುಕಿದವನ ಬೆರಳು, ತಕ್ಷಣ ತಿಳಿಯಿತು.

"ಇದು ಸೂತಕ ಅಲ್ಲ ಕಣವ್ವ. ಕಲ್ಲು ಕೊಯ್ದೈತೆ. ಪಾಪ, ಮೂತಿ ಇಟ್ಟು ಕೆದಕೋ ಜೀವ. ಕೆದಕಿದಂಗೆಲ್ಲ ಮೀಸೆ ಸವೆದೈತೆ."

"ತಾತನ ಕಲ್ಲಾ?"

"ತಾತಂದೇ. ಅಪ್ಪ ಉಳೀನ ಯಾವತ್ತೂ ಚೂಪಾಗೇ ಮಡಗ್ತಿತ್ತು."

"ನಾನೇ ಹಾಕಿದ್ದು ಮಾವ."

"ತುಂಬಿ ಕೊಟ್ಟೋನು ನಾನು. ಇಬ್ರೂ ಸೇರಿ ತೆಗೆಯೋಣ ಬಾ."

ಅಮ್ಮ ಯಾರಿಗೂ ಕೊಡದ ತನ್ನ ಬೋಂಡದ ಜಾಲರಿಯನ್ನು ತಂದು ಕೊಟ್ಟಳು. ಮೀನುಗಳನ್ನು ಕೊಳಗಕ್ಕೆ ಬಿಟ್ಟು ಮಧ್ಯಾಹ್ನವೆಲ್ಲ ಚಕ್ಕೆ ತೆಗೆದೆವು. ಒಂದು ಬಕೆಟ್ ಆಯಿತು. ಅದನ್ನು ಹಿಡಿದು ಹಿತ್ತಲಿಗೆ ಹೋದ ಮಾವ ಸುಮ್ಮನೆ ನಿಂತ. ಎಲ್ಲಿ ಹಾಕಬೇಕೆಂದು ಅವನಿಗೆ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.

"ತೆಂಗಿನ ಬುಡಕ್ಕೆ ಸುರೀಲಾ ತಮ್ಮ" ಎಂದಳು ಅಮ್ಮ. "ಅಪ್ಪ ಇದ್ದಿದ್ರೂ ಅದನ್ನೇ ಮಾಡ್ತಿತ್ತು. ಚಕ್ಕೆ ಕೂಡಿಡೋರು ಉಂಟಾ?"

ಮಾವ ಸುರಿದ. ಬಕೆಟ್ಟನ್ನು ತಳ ತಟ್ಟಿ ಖಾಲಿ ಮಾಡಿದ.

ರಶೀದ್ ಸಾಬರು ಅಂಗಡಿ ಮುಚ್ಚಿ ಮನೆಗೇ ಬಂದು ನೋಡಿದರು. ದಿನಾ ಒಂದಿಷ್ಟು ನೀರು ಬದಲಿಸಿ, ತಳ ನುಣ್ಣಗಿರಲಿ, ಮೀಸೆಯ ಬುಡ ಉಳಿದಿದ್ದರೆ ಮತ್ತೆ ಚಿಗುರುತ್ತದೆ ಎಂದರು. ಎರಡೇ ದಿನಕ್ಕೆ ಮಾವ ಬೇಲೂರಿಗೆ ಹೋಗಿ, ಯಗಚಿ ಹೊಳೆಯ ಸಣ್ಣ ಮರಳನ್ನು ಜರಡಿ ಹಿಡಿದು ಚೀಲದಲ್ಲಿ ಹೊತ್ತು ತಂದ. ಹಾಸುವ ಮೊದಲು ಹಿಡಿ ಹಿಡಿಯಾಗಿ ತನ್ನ ಕೆನ್ನೆಗೆ ಉಜ್ಜಿ ನೋಡಿದ. ನನ್ನ ಕೆನ್ನೆಗೂ ಉಜ್ಜಿದ.

ಆಮೇಲೆ ಪ್ರತಿ ಭಾನುವಾರವೂ ಮಾವ ಬರುತ್ತಿದ್ದ. ನಾನು ಅವನನ್ನು ತೊಟ್ಟಿಯ ಪಕ್ಕ ಕೂರಿಸಿ, ಯಾರ ಮೀಸೆ ಎಷ್ಟು ಬೆಳೆದಿದೆ ಎಂದು ನೋಡುತ್ತಿದ್ದೆ. ಮೊದಮೊದಲು ಮಾವನೇ ಮುಂದಿದ್ದ. ಮಳೆ ಹಿಡಿಯುವ ಹೊತ್ತಿಗೆ ಒಂದು ಬೆಳಿಗ್ಗೆ ದೊಡ್ಡ ಮೀನಿನ ತುಟಿಯಲ್ಲಿ ದಾರದಂಥ ಎರಡು ಎಳೆ ಕಂಡವು. ಅದು ಮರಳಿಗೆ ಮೂತಿ ಹಾಕಿ ಮಾತ್ರೆ ಹುಡುಕಿ ತಿಂದಿತು. ನಾನು ದಿನಸಿ ಅಂಗಡಿಯವರ ಮನೆಗೆ ಓಡಿ, ಹಳೇಬೀಡಿನಲ್ಲಿ ಮಾವನ ಮನೆ ಹತ್ತಿರದ ಹೋಟೆಲ್ಲಿಗೆ ಫೋನ್ ಮಾಡಿಸಿ, ಮಾವನನ್ನು ಕರೆಸಿ, "ಬಂತು!" ಎಂದು ಕಿರುಚಿದೆ. ಇನ್ನೊಂದಕ್ಕೂ ಬಂತು. ಮೂರನೆಯದಕ್ಕೆ ಒಂದು ಕಡೆ ಕೊನೆಗೂ ಬರಲಿಲ್ಲ. ಅದಕ್ಕೆ ಮಾತ್ರೆಯನ್ನು ಮೂತಿಯ ಹತ್ತಿರವೇ ಬೀಳುವ ಹಾಗೆ ಹಾಕುತ್ತಿದ್ದೆ.

ಅಪ್ಪನಿಗೆ ವರ್ಗವಾದಾಗ ತೊಟ್ಟಿ ಮರಳಿ ಸಾಬರ ಅಂಗಡಿಗೆ ಹೋಯಿತು. ಸಾಬರು ಈಗಿಲ್ಲ. ಆ ಬೀದಿಯಲ್ಲಿ ಯಾರಿದ್ದಾರೋ ನನಗೆ ತಿಳಿಯದು.

ಹೋದ ವರ್ಷ ಅಪ್ಪ ತೀರಿಕೊಂಡರು. ನಾನೊಬ್ಬಳೇ ಮಗಳು. ಕ್ರಿಯೆಗೆ ಕೂತ ದೊಡ್ಡಪ್ಪನ ಮಗ ಮೀಸೆ ತೆಗೆಸಿದ. ಊರಿನವರು ಅವನ ಮುಖ ನೋಡಿ ದನಿ ತಗ್ಗಿಸಿದರು, ಅವನ ಕೈ ಹಿಡಿದುಕೊಂಡರು. ಮೀನಿಗೂ ದುಃಖ ಮುಖದ ಮೇಲೆ ಕಾಣುತ್ತದೆ ಎಂದು ನಂಬಿದ್ದವಳು ನಾನು. ಆ ನಂಬಿಕೆ ಹೋಯಿತು, ನನ್ನ ಮಾತು ನಂಬಿ ಸದ್ದಿಲ್ಲದೆ ಬಂದು ಪಕ್ಕದಲ್ಲಿ ಕೂರುತ್ತಿದ್ದ ಬೀದಿಯ ಹುಡುಗಿಯರೂ ದೂರಾದರು. ಹಾಸನದಲ್ಲಿ ನಾನು ಪಾಠ ಹೇಳುವ ಶಾಲೆಗೆ ಹನ್ನೆರಡನೆಯ ದಿನ ಹೋದೆ. ಮಗುವಿನ ತಂದೆಯೊಬ್ಬರು ಬಾಗಿಲಲ್ಲೇ ತಡೆದು, "ಇಷ್ಟು ದಿನ ಎಲ್ಲಿಗೆ ಹೋಗಿದ್ರಿ ಮೇಡಂ? ಮಕ್ಕಳ ಪಾಠದ ಗತಿ ಏನು?" ಎಂದು ಎಲ್ಲರಿಗೂ ಕೇಳುವ ಹಾಗೆ ಗದರಿದರು. ಅವರ ತಪ್ಪೇನೂ ಇಲ್ಲ. ನನ್ನ ಮುಖ ಎಂದಿನಂತೆಯೇ ಇತ್ತು.