ಹೊಸ್ತಿಲ ಹೊರಗೆ ನಿಂತ ಅತಿಥಿ

ನಾವು ಯಾದಗಿರಿ ಸ್ಟೇಷನ್ನಿನಲ್ಲಿ ಇಳಿದಾಗ ಬೆಳಗಿನ ಬಿಸಿಲೇ ಚುರುಗುಟ್ಟುತ್ತಿತ್ತು. ನಿಜಾಮರ ಆಳ್ವಿಕೆ ಹೋಗಿ ಕೆಲವೇ ವರ್ಷವಾಗಿತ್ತು. ಮೋಟಾರಿನವನು ನಿಜಾಮರ ಹಾಲಿ ರೊಕ್ಕ, ಭಾರತ ಸರ್ಕಾರದ ಕಲ್ದಾರ ರೊಕ್ಕ ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತಿದ್ದ. ನನ್ನ ಜೊತೆಗಿದ್ದವರು ಜಪಾನಿನ ಮೊರಿತಾ, ಶಿಂಟೋ ಧರ್ಮದ ಗುಡಿಯೊಂದರ ಅರ್ಚಕರ ಮಗ. ನಮ್ಮ ಹಳ್ಳಿಯ ದೇವರುಗಳನ್ನು ನೋಡುವ ಆಸೆ ಅವರಿಗೆ. ಕಾಲೇಜು ಮೇಷ್ಟ್ರಾದ ನನಗೆ ತೋರಿಸುವ ಕೆಲಸ.

ಶಹಾಪುರದ ದಾರಿಯಲ್ಲಿ ಗಾಲಿ ಪಂಕ್ಚರಾಯಿತು. ಬೇವಿನ ಬುಡದಲ್ಲಿ ಕುಂಕುಮ ಬಳಿದ ಗುಂಡುಕಲ್ಲೊಂದಿತ್ತು. ಮೊರಿತಾ ಕೈ, ಬಾಯಿ ತೊಳೆದುಕೊಂಡು, ಅದಕ್ಕೆ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಮತ್ತೆ ಬಾಗಿದರು.

“ನಮ್ಮಲ್ಲಿ ಇಂಥ ಕಲ್ಲಿಗೆ ಹುಲ್ಲಿನ ಹಗ್ಗ ಸುತ್ತುತ್ತೇವೆ. ಮುಂದೆ ಅಕ್ಕಿ, ಉಪ್ಪು ಇಡುತ್ತೇವೆ” ಎಂದರು. ನೆರಳಿಗೆ ಕೂತಿದ್ದ ಮುದುಕನಿಗೆ ನಾನು ಅದನ್ನು ಕನ್ನಡದಲ್ಲಿ ಹೇಳಿದೆ. “ವೇಷ ಬ್ಯಾರೆ ಐತಿ, ಭಕ್ತಿ ನಮ್ಮದೇ ಐತಲ್ರಿ!” ಎಂದು ಅವನು ನಕ್ಕ. ನನಗೂ ಭಾಷಣ ಮಾಡುವ ಹುಮ್ಮಸ್ಸು ಬಂತು. ಸುರಪುರ ಮುಟ್ಟುವವರೆಗೆ ಎರಡು ಧರ್ಮಗಳ ಹೋಲಿಕೆ ಹೇಳಿ ಅವರ ತಲೆ ತಿಂದೆ.

ಸುರಪುರದಲ್ಲಿ ತಂತಿ ಕಾದಿತ್ತು. ಮೊರಿತಾರ ತಾಯಿ ತೀರಿಕೊಂಡಿದ್ದರು. ಊರಿಗೆ ಹಡಗಿನಲ್ಲಿ ವಾರಗಟ್ಟಲೆ ದಾರಿ. ಈಗ ಹೊರಟರೂ ಮುಖ ಸಿಗುವಂತಿರಲಿಲ್ಲ. “ಅಮ್ಮನಿಗೆ ಮಗನಾಗಿ ನಾನು ಇಲ್ಲಿಂದ ಏನು ಮಾಡಲಿ?” ಎಂದು ಅವರು ಕೇಳಿದರು. ಹೊಳೆದಂಡೆಗೆ ಹೋಗೋಣವೆಂದು ನಾನು ಒಂದು ಬಂಡಿ ಗೊತ್ತುಮಾಡಿದೆ.

ಮರುದಿನ ಬೆಳಿಗ್ಗೆ ಬಂಡಿಯಲ್ಲಿ ಕೃಷ್ಣೆಯ ದಂಡೆಗೆ ಹೋದೆವು. ಅಲ್ಲಿ ಗಂಗವ್ವನ ಪುಟ್ಟ ಗುಡಿ. ಪೂಜೆ ಮಾಡುವವಳು ಮೀನುಗಾರರ ಮನೆಯ ಮುದುಕಿ ಹಣಮವ್ವ. ತಾಯಿಗಾಗಿ ಒಂದು ದೀಪ ಹಚ್ಚಿಸಿ ಎಂದು ನಾನು ಕರೆದೆ. ಮೊರಿತಾ ಹೊಸ್ತಿಲ ಹೊರಗೇ ನಿಂತುಬಿಟ್ಟರು.

“ಯಾಕ್ರಿ, ನಮ್ಮ ಗುಡಿ ಸಣ್ಣದಂತ ಒಳಗ ಬರವಲ್ರೇನು?” ಹಣಮವ್ವನಿಗೆ ಸಿಟ್ಟು ಬಂದಿತ್ತು.

ಮೊರಿತಾರ ತಾಯಿ ಸತ್ತ ಸುದ್ದಿ ಹೇಳಿದೆ. ಸಾವಾದ ಮನೆಯವರು ಗುಡಿಯೊಳಗೆ ಕಾಲಿಡಬಾರದೆಂಬುದು ಅವರ ಕಡೆಯ ಪದ್ಧತಿ ಎಂದು ಅವರು ಆಗಷ್ಟೇ ನನಗೆ ತಿಳಿಸಿದ್ದನ್ನೂ ಹೇಳಿದೆ.

“ಅಯ್ಯ ಶಿವನೆ, ಸೂತಕ ಐತೇನು?” ಎಂದವಳು ಹೊರಗೆ ಬಂದು, ಅವರ ತಲೆಯನ್ನು ಎದೆಗೊತ್ತಿಕೊಂಡಳು. “ಅಳು ಯಪ್ಪಾ, ಅತ್ತುಬಿಡು. ನಿನ್ನ ಮಂದಿ ದೂರ ಅದಾರ.” ತಂತಿ ಓದಿದಾಗಲೂ ಅಳದಿದ್ದ ಮನುಷ್ಯ ಅಲ್ಲಿ ಬಿಕ್ಕಿಬಿಕ್ಕಿ ಅತ್ತರು. ನನ್ನ ಕಣ್ಣೂ ತುಂಬಿತು.

“ಇನ್ನೂ ದೀಪ ಹಚ್ಚಿಲ್ರಿ. ಸೂತಕದವನ್ನ ಮುಟ್ಟೀನಿ, ಹಚ್ಚೂ ಮುಂಚೆ ನಾನೂ ಹೊಳ್ಯಾಗ ಮುಳುಗಬೇಕು. ಬಾ ಯಪ್ಪಾ” ಎಂದು ಕೈಹಿಡಿದು ನಡೆದಳು. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಬೇಕಾಗಲಿಲ್ಲ. ಹೊಳೆಯಲ್ಲಿ ಮಿಂದು ಮೈಲಿಗೆ ಕಳೆಯುವುದು ಅವರಿಗೂ ಹುಟ್ಟಿದಾಗಿನಿಂದ ಗೊತ್ತಿದ್ದ ವಿಷಯ. ಮುದುಕಿಯೂ ಅವರೂ ತಾಯಿ ಮಗನಂತೆ ಮುಳುಗೆದ್ದರು.

ಮಿಂದರೂ ತಾಯಿಯ ಸೂತಕದ ದಿನಗಳು ಮುಗಿದಿರಲಿಲ್ಲ, ಹಾಗಾಗಿ ಮೊರಿತಾ ಮತ್ತೆ ಹೊರಗೇ ನಿಂತರು. ಹಣಮವ್ವ ಒದ್ದೆ ಸೀರೆಯಲ್ಲೇ ಒಳಗೆ ಹೋಗಿ, ಅವರ ತಾಯಿಯ ಹೆಸರು ಕೇಳಿ, ಬಾಯಿಗೆ ಬಂದಂತೆ ಅದನ್ನು ಉಚ್ಚರಿಸಿ ದೀಪ ಹಚ್ಚಿದಳು. ಹೊರಗಿನಿಂದ ಕಾಣಲೆಂದು ಎರಡೂ ಕದ ಪೂರ್ತಿ ತೆರೆದಳು.

ಬಂಡಿ ಏರಿ ತಿರುಗಿ ನೋಡಿದೆವು. ಗಾಳಿ ಜೋರಾಗಿತ್ತು. ಮುದುಕಿ ಕದ ಮುಚ್ಚಿರಲಿಲ್ಲ. ದೀಪಕ್ಕೆ ಸೆರಗು ಅಡ್ಡ ಹಿಡಿದು ನಿಂತಿದ್ದಳು.