ಮೊದಲು ಬಾಗಿಲು ತೆರೆಯಿರಿ

ಬಟ್ಟೆ ಒಗೆಯುವ ಮೆಷಿನ್ನಿಗೆ ಕೈಪಿಡಿ ಬರೆಯುವ ಈ ಮಹಾರಾಯನನ್ನು ಕಚೇರಿಯವರೆಲ್ಲ ಟೈಪಿಸ್ಟ್ ಎಂದೇ ತಿಳಿದಿದ್ದಾರೆ. ಮಾವನಂತೂ ಅಳಿಯ ದೊಡ್ಡ ಕವಿಯೆಂದು ಬೀದಿಗೆಲ್ಲ ಸಾರಿಬಿಟ್ಟಿದ್ದಾರೆ. ಮೆಷಿನ್ ಇನ್ನೇನು ಲಾರಿ ಹತ್ತಬೇಕು ಎನ್ನುವಾಗ ಎಂಜಿನಿಯರ್ ಓಡಿಬಂದು, "ಎಲ್ಲಾ ಮುಗೀತು ಸಾರ್, ನೀವು ಎರಡು ಸಾಲು ಗೀಚಿಬಿಡಿ, ಹೇಗೂ ಯಾರೂ ಓದಲ್ಲ" ಎನ್ನುತ್ತಾನೆ. ಇವನೋ, ಗೀಚುವ ಮುನ್ನ ಪೂರ್ತಿ ದಡ್ಡನಾಗಬೇಕು: ಸೋಪಿನ ಪುಡಿಯನ್ನು ಸಿಕ್ಕ ಸಿಕ್ಕ ತೂತಿಗೆಲ್ಲ ಸುರಿಯುತ್ತಾನೆ, ಒತ್ತಬಾರದ ಗುಂಡಿಗಳನ್ನೇ ಹುಡುಕಿ ಒತ್ತುತ್ತಾನೆ, ನೊರೆ ಮೊಣಕಾಲಿಗೆ ಬಂದರೆ "ಆಹಾ, ಜನ ಎಡವೋ ಜಾಗ ಸಿಕ್ತು!" ಎಂದು ಕುಣಿಯುತ್ತಾನೆ. ಮನೆಯಲ್ಲಿ ಯಾರಾದರೂ ನೀರು ಕೇಳಿದರೂ "ಮೊದಲು ಲೋಟದ ಬಾಯಿ ಮೇಲಿರಲಿ" ಎಂದೇ ಶುರು. ಅವನ ಎಲ್ಲ ಕೈಪಿಡಿಗಳ ಮೊದಲ ಸಾಲು "ಬಾಗಿಲು ತೆರೆಯಿರಿ". ಪಕ್ಕದಲ್ಲಿ ಹಿಡಿ ಎಲ್ಲಿದೆಯೆಂದು ತೋರಿಸುವ ಚಿತ್ರ. ಮ್ಯಾನೇಜರ್ ಪ್ರತಿ ಸಲವೂ ಅದನ್ನು ಹೊಡೆದುಹಾಕಿ, "ಇದು ಯಾರಿಗ್ರೀ ಗೊತ್ತಿಲ್ಲ?" ಎಂದು ನಗುತ್ತಾರೆ; ಇವನೂ ಜೊತೆಗೆ ನಕ್ಕು, ಅವರು ಅತ್ತ ಹೋದೊಡನೆ ಮತ್ತೆ ಸೇರಿಸುತ್ತಾನೆ. ಮದುವೆಯಾದ ಹೊಸತರಲ್ಲಿ ಅವನ ಹೆಂಡತಿ, ಮೆಷಿನ್ನಿನ ಬಾಗಿಲು ತೆರೆಯುವುದು ಹೇಗೆಂದು ಅತ್ತೆಯನ್ನು ಕೇಳಲು ನಾಚಿ, ಬಚ್ಚಲಿನ ಚಿಲಕ ಹಾಕಿಕೊಂಡು, ಸದ್ದಾಗದಂತೆ, ಇಡೀ ಮನೆಯ ಬಟ್ಟೆಯನ್ನು ಕೈಯಲ್ಲೇ ಒಗೆಯುತ್ತಿದ್ದಳು.